ಜಗತ್ತು ಯಾವಾಗ ಶುರು ಆತು? ನಮ್ಮ ಗದಗ ಸೀಮೆಯೊಳಗಿನ ಉತ್ತರಗಳು

ಭಾಗ 1/8 | ಮೊದಲು ಪ್ರಶ್ನೆ

ದೋಸ್ತ್ರ, ಈ ಸಲದ ಸರಣಿ ಉದ್ದ ಐತಿ. ಬಸ್ಸಿನ್ಯಾಗ ಕುಂತಾಗ ಓದ್ರಿ, ಇಲ್ಲಾ ಸೇವ್ ಮಾಡಿ ಇಟ್ಕೊಳ್ರಿ.

"ಈ ಜಗತ್ತು ಯಾರು ಮಾಡಿದ್ರು? ಅದಕ್ಕೂ ಮೊದಲು ಏನಿತ್ತು?" ಸಣ್ಣವರಿದ್ದಾಗ ನಾವೆಲ್ಲಾ ಕೇಳಿದ ಪ್ರಶ್ನೆ ಇದು. ದೊಡ್ಡವರಾದ ಮ್ಯಾಲ ಕೇಳೋದು ಬಿಡ್ತೀವಿ. ಯಾಕಂದ್ರ ಕೇಳಿದ್ರ ಎರಡೇ ಥರದ ಉತ್ತರ ಬರ್ತಾವ. ಒಂದು: "ದೇವರು ಮಾಡ್ಯಾನ, ಸುಮ್ನ ಕುಂದ್ರು." ಇನ್ನೊಂದು: "ಇದೆಲ್ಲಾ ವಿಜ್ಞಾನ ಹೇಳೇತಿ, ಹಳೇದೆಲ್ಲಾ ಮೂಢನಂಬಿಕೆ." ಎರಡರೊಳಗೂ ಒಂದು ಸಂದೇಶ ಐತಿ: ನಿನ್ನ ಪ್ರಶ್ನೆ ಇಲ್ಲಿಗೆ ಮುಗೀತು.

ಆದರೆ ನಾವು ಹುಟ್ಟಿ ಬೆಳೆದ ಈ ಸೀಮೆಯ ಇತಿಹಾಸ ಹಂಗಿಲ್ಲ. ಗದಗ-ಬೆಟಗೇರಿ, ಲಕ್ಕುಂಡಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಎಲ್ಲಾ ಸೇರಿ ಒಂದು ದಿನದಾಗ ಬೈಕ್ ಮ್ಯಾಲ ಸುತ್ತಿ ಬರಬಹುದು. ಇಷ್ಟರೊಳಗ ಕನಿಷ್ಠ ಐದು ಬೇರೆ ಬೇರೆ ಉತ್ತರ ಸಾವಿರ ವರ್ಷದಿಂದ ಅಕ್ಕಪಕ್ಕ ಬದುಕ್ಯಾವ. ಬ್ರಹ್ಮ ಸೃಷ್ಟಿ ಮಾಡಿದ ಅಂದವರು ಇದ್ದರು. ಯಾರೂ ಮಾಡಿಲ್ಲ, ಇದು ಮೊದಲಿಂದಲೂ ಐತಿ ಅಂದವರೂ ಇದ್ದರು. ಎಲ್ಲಾ ಬಯಲಿನಿಂದ ಬಂತು ಅಂದವರು, "ಆಗು" ಅಂದ ಒಂದು ಮಾತಿನಿಂದ ಆತು ಅಂದವರೂ ಇಲ್ಲೇ ಇದ್ದರು. ಒಬ್ಬರ ಉತ್ತರ ಇನ್ನೊಬ್ಬರು ಒಪ್ಪಲಿಲ್ಲ. ವಾದ ಮಾಡಿದರು, ಕಾವ್ಯ ಬರೆದರು, ಗುಡಿ ಕಟ್ಟಿದರು. ಕೆಲವೊಮ್ಮೆ ಬಡಿದಾಡಿದರು ಅಂತಲೂ ಕಾವ್ಯಗಳು ಹೇಳ್ತಾವ. ಅದನ್ನೂ ಮುಚ್ಚಿಡದೆ ಹೇಳ್ತೀನಿ.

ನಾನು ಬಿಕಾಂ ಹುಡುಗ. ಹಿಂಗಾಗಿ ನಡುವೆ ನಡುವೆ ಲೆಕ್ಕದ ಪುಸ್ತಕ ಬರ್ತೈತಿ, ಸಹಿಸ್ಕೊಳ್ರಿ. ಮುಂದಿನ ಭಾಗ ಗದಗದ ತ್ರಿಕೂಟೇಶ್ವರನಿಂದ ಶುರು.

ಭಾಗ 2/8 | ಒಂದು ಪೀಠ, ಮೂರು ಲಿಂಗ

ಫೋಟೋದಾಗ ಇರೋದು ಗದಗದ ತ್ರಿಕೂಟೇಶ್ವರ ಗುಡಿ, ಕಲ್ಯಾಣ ಚಾಲುಕ್ಯರ ಕಾಲದ ಕೆಲಸ. ಗರ್ಭಗುಡಿಯೊಳಗ ಒಂದೇ ಪೀಠದ ಮ್ಯಾಲ ಮೂರು ಲಿಂಗ ಅದಾವ: ಬ್ರಹ್ಮ, ವಿಷ್ಣು, ಮಹೇಶ್ವರ. ಹೊಯ್ಸಳ ಎರಡನೇ ಬಲ್ಲಾಳ 1192ರಲ್ಲಿ ಈ ದೇವರಿಗೆ ದತ್ತಿ ಕೊಟ್ಟ ಶಾಸನವೂ ಐತಿ.

ಮೂರು ಲಿಂಗ ಅಂದ್ರ ಮೂರು ಕೆಲಸ: ಹುಟ್ಟಿಸೋದು, ಕಾಯೋದು, ಲಯ ಮಾಡೋದು. ಮೂರೂ ಒಂದೇ ಪೀಠದ ಮ್ಯಾಲ ಇರೋದನ್ನ ಸರಿಯಾಗಿ ನೋಡ್ರಿ. ಪುರಾಣಗಳ ಪ್ರಕಾರ ಸೃಷ್ಟಿ ಒಮ್ಮೆ ಆಗಿ ಮುಗಿಯುವ ಘಟನೆ ಅಲ್ಲ, ಮತ್ತೆ ಮತ್ತೆ ತಿರುಗುವ ಚಕ್ರ. ಲೆಕ್ಕ ಹೀಗಿದೆ: ನಾಲ್ಕು ಯುಗ ಸೇರಿ ಒಂದು ಮಹಾಯುಗ, 43,20,000 ವರ್ಷ. ಅಂಥ 1,000 ಮಹಾಯುಗ ಸೇರಿದರೆ ಬ್ರಹ್ಮನ ಒಂದು ಹಗಲು, ಅಂದರೆ 432 ಕೋಟಿ ವರ್ಷ. ಅದಕ್ಕೇ ಕಲ್ಪ ಅಂತ ಹೆಸರು. ರಾತ್ರಿಯೂ ಅಷ್ಟೇ ಉದ್ದ. ಮನ್ಯಾಗ ಪೂಜೆ ಆದಾಗ ಸಂಕಲ್ಪದೊಳಗ ಐನಾರು ಶ್ವೇತವರಾಹ ಕಲ್ಪ, ವೈವಸ್ವತ ಮನ್ವಂತರ, ಕಲಿಯುಗ ಅಂತ ಹೇಳ್ತಾರಲ್ಲ, ಅದು ಈ ಕ್ಯಾಲೆಂಡರಿನೊಳಗ ನಮ್ಮ ವಿಳಾಸ.

ಇಲ್ಲೇ ಒಂದು ವಾಟ್ಸಾಪ್ ಫಾರ್ವರ್ಡ್ ಬಗ್ಗೆ ಹೇಳಬೇಕು. "ಭೂಮಿ ವಯಸ್ಸು 454 ಕೋಟಿ ವರ್ಷ, ಕಲ್ಪ 432 ಕೋಟಿ, ನಮ್ಮ ಹಿರಿಯರಿಗೆ ಎಲ್ಲಾ ಗೊತ್ತಿತ್ತು!" ತಡೀರಿ. ಅದೇ ಲೆಕ್ಕದ ಪ್ರಕಾರ ಬ್ರಹ್ಮನ ಪೂರ್ತಿ ಆಯುಷ್ಯ 311 ಲಕ್ಷ ಕೋಟಿ ವರ್ಷ. ಅದನ್ನ ಯಾವುದಕ್ಕೆ ಹೋಲಿಸ್ತೀರಿ? ಒಂದು ಸಂಖ್ಯೆ ಹತ್ತಿರ ಬಂತು ಅಂತ ಇಡೀ ಲೆಡ್ಜರ್ ತಾಳೆ ಆತು ಅಂದಂಗಾಯ್ತು. ನಮ್ಮ ಹಿರಿಯರು ಕೋಟಿಗಟ್ಟಲೆ ವರ್ಷಗಳ ಕಾಲವನ್ನ ಕಲ್ಪಿಸಿಕೊಳ್ಳೋಕೆ ಹೆದರಲಿಲ್ಲ. ಹೆಮ್ಮೆ ಪಡೋಕೆ ಅಷ್ಟೇ ಸಾಕು.

ಇನ್ನೂ ಒಂದು ಮಾತು. ಪುರಾಣಕ್ಕಿಂತ ಬಹಳ ಹಳೆಯದು ಋಗ್ವೇದದ ಹತ್ತನೇ ಮಂಡಲದ 129ನೇ ಸೂಕ್ತ, ನಾಸದೀಯ ಸೂಕ್ತ ಅಂತಾರ. ಅದರಲ್ಲಿ ಇರೋದು 7 ಮಂತ್ರ. ಕೊನೆಗೆ ಕವಿ ಉತ್ತರ ಕೊಡೋದಿಲ್ಲ. ಈ ಸೃಷ್ಟಿ ಎಲ್ಲಿಂದ ಬಂತೋ, ಮೇಲೆ ಕುಂತು ನೋಡುವವನಿಗೆ ಗೊತ್ತಿರಬಹುದು, ಇಲ್ಲಾ ಅವನಿಗೂ ಗೊತ್ತಿಲ್ಲದಿರಬಹುದು ಅನ್ನೋ ಅರ್ಥದಾಗ ನಿಲ್ಲಿಸಿಬಿಡ್ತಾನ. "ಸುಮ್ನ ಕುಂದ್ರು" ಅನ್ನೋ ಪದ್ಧತಿ ವೇದದಾಗ ಇರಲಿಲ್ಲ ನೋಡ್ರಿ.

ಭಾಗ 3/8 | ನೇಕಾರ, ನೂಲು, ಮತ್ತು ಜಿನಸೇನ

ಬೆಟಗೇರಿ ಮಗ್ಗದ ಸೀರೆ ಕೈಯಾಗ ಹಿಡಿದ್ರ, ಇದನ್ನ ಯಾರೋ ನೇಯ್ದಾರ ಅಂತ ಗೊತ್ತಾಗ್ತೈತಿ. ತಾನೇ ತಾನಾಗಿ ಅಂಚು, ಸೆರಗು ಬರೋದಿಲ್ಲ. ಹಂಗೇ ಇಷ್ಟು ವ್ಯವಸ್ಥಿತ ಜಗತ್ತಿಗೂ ಒಬ್ಬ ಕರ್ತೃ ಇರಲೇಬೇಕು. ನ್ಯಾಯ ದರ್ಶನದವರು ಇದೇ ವಾದ ಹೂಡಿದರು. ಅವರ ಉದಾಹರಣೆ ಗಡಿಗೆ ಮತ್ತು ಕುಂಬಾರ. ಕೇಳೋಕೆ ಬಲವಾದ ವಾದ, ಹೌದಲ್ಲ?

ಈಗ ಎದುರಿನ ವಾದ ಕೇಳ್ರಿ. 9ನೇ ಶತಮಾನದಲ್ಲಿ ಜಿನಸೇನ ಅನ್ನೋ ಜೈನ ಆಚಾರ್ಯರಿದ್ದರು. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನಿಗೆ ಗುರು. ಸಂಸ್ಕೃತದಲ್ಲಿ ಮಹಾಪುರಾಣ ಬರೆಯಲು ಹಿಡಿದರು, ಮುಗಿಯುವ ಮೊದಲೇ ತೀರಿಕೊಂಡರು. ಶಿಷ್ಯ ಗುಣಭದ್ರ ಪೂರ್ತಿ ಮಾಡಿದರು. ಆ ಗ್ರಂಥಕ್ಕೆ 898ರಲ್ಲಿ ಪೂಜೆ ಆದದ್ದು ಬಂಕಾಪುರದಲ್ಲಿ. ಹೌದು, ನಮ್ಮ ಪಕ್ಕದ ಹಾವೇರಿ ಜಿಲ್ಲೆಯ ಬಂಕಾಪುರ. ಲಕ್ಷ್ಮೇಶ್ವರದವರಿಗೆ ಅದು ದೂರದ ಊರೇ ಅಲ್ಲ.

ಜಿನಸೇನರ ಪ್ರಶ್ನೆಗಳನ್ನ ನನ್ನ ಮಾತಿನ್ಯಾಗ ಹೇಳ್ತೀನಿ. ದೇವರು ಜಗತ್ತು ಮಾಡಿದ್ದರೆ, ಮಾಡುವ ಮೊದಲು ಎಲ್ಲಿ ಇದ್ದ? ಸಾಮಾನು ಎಲ್ಲಿಂದ ತಂದ? ಸಾಮಾನನ್ನೂ ತಾನೇ ಮಾಡಿದ ಅಂದರೆ, ಆ ಸಾಮಾನು ಮಾಡೋಕೆ ಸಾಮಾನು ಯಾವುದು? ಅದು ಮೊದಲೇ ಇತ್ತು ಅಂದರೆ, ಜಗತ್ತೂ ಮೊದಲಿಂದ ಇತ್ತು ಅನ್ನೋಕೆ ಏನು ಅಡ್ಡಿ? ಅವನು ಪರಿಪೂರ್ಣ ಆಗಿದ್ದರೆ ಮಾಡಬೇಕು ಅನ್ನೋ ಆಸೆ ಯಾಕೆ ಬಂತು? ಕರುಣೆಯಿಂದ ಮಾಡಿದ ಅಂದರೆ ಇಷ್ಟು ದುಃಖ ಯಾಕೆ ಇಟ್ಟ? ಅವರ ತೀರ್ಮಾನ: ಕಾಲಕ್ಕೆ ಹೇಗೆ ಆದಿ ಅಂತ್ಯ ಇಲ್ಲವೋ ಜಗತ್ತಿಗೂ ಇಲ್ಲ.

ನಮ್ಮ ಭಾಷೆಯೊಳಗ ಹೇಳಬೇಕಂದ್ರ, ಪ್ರತಿ ವರ್ಷದ ಆರಂಭಿಕ ಶಿಲ್ಕು ಹಿಂದಿನ ವರ್ಷದ ಅಖೈರು ಶಿಲ್ಕೇ ಆಗಿರ್ತೈತಿ. ಎಷ್ಟು ಹಿಂದೆ ಪುಟ ತಿರುವಿದರೂ "ಹಿಂದಿನಿಂದ ತಂದದ್ದು" ಅಂತಲೇ ಇರ್ತೈತಿ. ಮೊದಲನೇ ಪುಟ ಅಂತ ಇಲ್ಲವೇ ಇಲ್ಲ.

ಕಾರ್ಲ್ ಸೇಗನ್ ತನ್ನ 1980ರ 'ಕಾಸ್ಮೋಸ್' ಪುಸ್ತಕದಾಗ ಜಿನಸೇನರ ಇದೇ ಭಾಗವನ್ನ ಉಲ್ಲೇಖಿಸ್ಯಾನ. ಅಮೆರಿಕದ ಖಗೋಳ ವಿಜ್ಞಾನಿಗೆ ಗೊತ್ತಿದ್ದ ನಮ್ಮ ಸೀಮೆಯ ಮಾತು ನಮಗ ಗೊತ್ತಿಲ್ಲ ಅಂದ್ರ ಹೆಂಗ? ಇನ್ನೊಂದು ವಿಷಯ: ಸೃಷ್ಟಿಕರ್ತ ಬೇಡ ಅಂದವರು ಜೈನರಷ್ಟೇ ಅಲ್ಲ. ವೇದವನ್ನೇ ಪ್ರಮಾಣ ಅಂತ ನಂಬಿದ ಮೀಮಾಂಸಕ ಕುಮಾರಿಲ ಭಟ್ಟನೂ ಈ ವಾದ ಒಪ್ಪಲಿಲ್ಲ.

ಭಾಗ 4/8 | ಪುಲಿಗೆರೆ ಮತ್ತು ಲಕ್ಕುಂಡಿಯ ಬ್ರಹ್ಮ

ಲಕ್ಷ್ಮೇಶ್ವರದ ಹಳೆಯ ಹೆಸರು ಪುಲಿಗೆರೆ. ಪಂಪ ತನ್ನ ಕನ್ನಡ ಪುಲಿಗೆರೆಯ ತಿರುಳ್ಗನ್ನಡ ಅಂತ ಹೇಳಿಕೊಂಡಿದ್ದಾನೆ. ಈ ಸೀಮೆಯ ಮಾತು ಒರಟು ಅಂತ ನಗುವವರಿಗೆ ಇದನ್ನ ಕಳಿಸ್ರಿ.

ಪಂಪನ ಆದಿಪುರಾಣದ ಕಾಲ 941. ಅದಕ್ಕೆ ಮೂಲ ಜಿನಸೇನರ ಗ್ರಂಥವೇ. ಲಕ್ಷ್ಮೇಶ್ವರದ ಶಂಖ ಬಸದಿಯಲ್ಲಿ ಕುಳಿತು ಬರೆದ ಅನ್ನೋ ಮಾತು ಊರಾಗ ಐತಿ. ಜೈನರ ಕಾಲಚಕ್ರದಲ್ಲಿ ಎರಡು ಅರ್ಧ: ಮೇಲೇರುವ ಉತ್ಸರ್ಪಿಣಿ, ಕೆಳಗಿಳಿಯುವ ಅವಸರ್ಪಿಣಿ. ಒಂದೊಂದರಲ್ಲೂ ಆರು ಕಾಲ. ಮೊದಮೊದಲು ಜನರಿಗೆ ಬೇಕಾದ್ದನ್ನೆಲ್ಲಾ ಕಲ್ಪವೃಕ್ಷ ಕೊಡ್ತಿತ್ತು. ನಿಧಾನಕ್ಕೆ ಅವು ಕ್ಷೀಣಿಸಿದವು, ಜನ ಕಂಗಾಲಾದರು. ಆಗ ಮೊದಲ ತೀರ್ಥಂಕರ ಆದಿನಾಥ ಆರು ಕಸುಬು ಕಲಿಸಿದ: ಅಸಿ, ಮಸಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪ. ಅಂದರೆ ಕತ್ತಿ, ಬರವಣಿಗೆ, ಒಕ್ಕಲುತನ, ವಿದ್ಯೆ, ವ್ಯಾಪಾರ, ಕುಶಲ ಕೆಲಸ. ಕಾಮರ್ಸಿನವರು ಕಾಲರ್ ಮ್ಯಾಲ ಮಾಡ್ಕೊಳ್ರಿ, ಮಸಿ ಮತ್ತು ವಾಣಿಜ್ಯ ಎರಡೂ ಪಟ್ಟಿಯೊಳಗ ಅದಾವ!

ಈ ಕಾರಣಕ್ಕೇ ಆದಿನಾಥನನ್ನ ಆದಿಬ್ರಹ್ಮ ಅಂತಾರ. ಅವನು ಜಗತ್ತು ಹುಟ್ಟಿಸಲಿಲ್ಲ, ಜಗತ್ತಿನೊಳಗ ಬದುಕೋದು ಹೇಗೆ ಅಂತ ತೋರಿಸಿದ. "ಯಾರು ಮಾಡಿದ್ರು" ಅನ್ನೋ ಪ್ರಶ್ನೆಯನ್ನ "ಈಗ ಹೆಂಗ ಬದುಕೋಣ" ಅಂತ ತಿರುಗಿಸಿದಂಗಾತು.

ಇದನ್ನ ತಲ್ಯಾಗ ಇಟ್ಕೊಂಡು ಲಕ್ಕುಂಡಿಗೆ ಹೋಗ್ರಿ, ಗದಗದಿಂದ ಹತ್ತಿರದಾಗೇ ಐತಿ. ದಾನಚಿಂತಾಮಣಿ ಅತ್ತಿಮಬ್ಬೆ ಕಟ್ಟಿಸಿದ ಬ್ರಹ್ಮ ಜಿನಾಲಯದ ಶಾಸನದ ಕಾಲ 1007. ಪೊನ್ನನ ಶಾಂತಿಪುರಾಣವನ್ನ ಓಲೆಗರಿಯಲ್ಲಿ 1,000 ಪ್ರತಿ ಬರೆಸಿ ಹಂಚಿದ ತಾಯಿ ಆಕೆ. ಒಳಗ ನಾಲ್ಕು ಮುಖದ ಬ್ರಹ್ಮನ ಮೂರ್ತಿ ನಿಂತೈತಿ. ಸೃಷ್ಟಿಕರ್ತ ಇಲ್ಲ ಅನ್ನುವ ಧರ್ಮದ ಬಸದಿಯೊಳಗ ಬ್ರಹ್ಮ! ಗೊಂದಲ ಬ್ಯಾಡ. ಜೈನರಲ್ಲಿ ಬ್ರಹ್ಮ ಯಕ್ಷ ಅಂದರೆ ಜಿನನ ಸೇವೆಯಲ್ಲಿರುವ ರಕ್ಷಕ, ಸೃಷ್ಟಿ ಅವನ ಕೆಲಸ ಅಲ್ಲ. ತ್ರಿಕೂಟೇಶ್ವರದಾಗ ಒಂದು ಅರ್ಥ, ಹತ್ತು ಹನ್ನೆರಡು ಕಿಲೋಮೀಟರ್ ದಾಟಿದ್ರ ಅದೇ ಹೆಸರಿಗೆ ಇನ್ನೊಂದು ಅರ್ಥ.

ಭಾಗ 5/8 | ವಾದ ಜಗಳ ಆದಾಗ

ಇಲ್ಲಿತನ ಎಲ್ಲಾ ಚೆಂದ ಇತ್ತು. ಈ ಭಾಗ ಸ್ವಲ್ಪ ಕಹಿ.

ಲಕ್ಷ್ಮೇಶ್ವರದ ಸೋಮೇಶ್ವರ ಗುಡಿ ಎಲ್ಲರೂ ನೋಡಿರ್ತೀರಿ. ಅದರ ಹಿಂದಿನ ಕಥೆಯನ್ನ ಹರಿಹರ 'ಆದಯ್ಯನ ರಗಳೆ'ಯಲ್ಲಿ, ರಾಘವಾಂಕ 'ಸೋಮನಾಥ ಚರಿತೆ'ಯಲ್ಲಿ ಹೇಳಿದ್ದಾರೆ. ಆದಯ್ಯ ಸೌರಾಷ್ಟ್ರದಿಂದ ವ್ಯಾಪಾರಕ್ಕೆ ಪುಲಿಗೆರೆಗೆ ಬಂದ ಶಿವಭಕ್ತ. ಇಲ್ಲಿ ಜೈನ ಹುಡುಗಿ ಪದ್ಮಾವತಿಯನ್ನ ಮೆಚ್ಚಿ ಮದುವೆ ಆದ. ಶಿವಭಕ್ತರಿಗೆ ಅಂತ ಮಾಡಿದ ಅಡುಗೆಯನ್ನ ಮಾವನ ಮನೆಯವರು ಜೈನ ಮುನಿಗಳಿಗೆ ಬಡಿಸಿದರು. ಅಲ್ಲಿಂದ ಮಾತು ಬೆಳೆದು, ಸೌರಾಷ್ಟ್ರದ ಸೋಮನಾಥನನ್ನೇ ತಂದು ಸುರಹೊನ್ನೆ ಬಸದಿಯಲ್ಲಿ ಇಡ್ತೀನಿ ಅಂತ ಆದಯ್ಯ ಪಂಥ ಕಟ್ಟಿದ. ಕಾವ್ಯದ ಪ್ರಕಾರ ಇಟ್ಟೇ ಬಿಟ್ಟ, ಅಲ್ಲಿದ್ದ ಜಿನಬಿಂಬ ಒಡೆದವು. ಹಾವೇರಿ ಜಿಲ್ಲೆಯ ಅಬ್ಬಲೂರಿನ ಶಾಸನದಾಗೂ ಏಕಾಂತದ ರಾಮಯ್ಯ ಮತ್ತು ಜೈನರ ನಡುವಿನ ಇಂಥದ್ದೇ ಪಂಥದ ಕಥೆ ಐತಿ.

ಕಾವ್ಯ ಅಂದ್ರ ಪೊಲೀಸ್ ಪಂಚನಾಮೆ ಅಲ್ಲ. ಭಕ್ತಿಯಿಂದ ಬರೆದದ್ದು, ಪವಾಡ ಇರ್ತಾವ. ಆದರೂ ಆ ಕಾಲದಾಗ ಈ ಊರಿನಲ್ಲಿ ಎಂಥ ತಿಕ್ಕಾಟ ಇತ್ತು ಅನ್ನೋದನ್ನ ಅದು ತೋರಿಸ್ತೈತಿ. ಜಿನಸೇನರು ಕೇಳಿದ ಪ್ರಶ್ನೆಗೆ ನೈಯಾಯಿಕರು ಉತ್ತರ ಬರೆದರು, ಆ ಉತ್ತರಕ್ಕೆ ಜೈನರು ಮತ್ತೆ ಉತ್ತರ ಬರೆದರು. ಅದರಿಂದ ಇಬ್ಬರ ತರ್ಕವೂ ಹರಿತ ಆತು. ಬಿಂಬ ಒಡೆದ್ರ ಮಾತ್ರ ಯಾರ ತರ್ಕವೂ ಗೆಲ್ಲೋದಿಲ್ಲ. ಮೂರ್ತಿ ಇರಲಿ ಬಿಡಲಿ, "ಸಾಮಾನು ಎಲ್ಲಿಂದ ತಂದ?" ಅನ್ನೋ ಪ್ರಶ್ನೆ ಹಂಗೇ ನಿಂತಿರ್ತೈತಿ.

ಇವತ್ತು ಲಕ್ಷ್ಮೇಶ್ವರದಾಗ ಸೋಮೇಶ್ವರನೂ ಅದಾನ, ಶಂಖ ಬಸದಿ, ಅನಂತನಾಥ ಬಸದಿಯೂ ಅದಾವ. ಶಂಖ ಬಸದಿಯೊಳಗಿನ ಸಹಸ್ರಕೂಟ ಜಿನಬಿಂಬ ನೋಡದೆ ಬರಬ್ಯಾಡ್ರಿ. ಒಂದೇ ಕಲ್ಲಿನೊಳಗ ಸಾವಿರಕ್ಕೂ ಹೆಚ್ಚು ಸಣ್ಣ ಸಣ್ಣ ಜಿನರು.

ಭಾಗ 6/8 | ಬಯಲು

ನಮ್ಮ ಕಡೆ "ಬಯಲು" ಅಂದ್ರ ಎಲ್ಲರಿಗೂ ಗೊತ್ತು. ಜೋಳ ಕೊಯ್ದು ಕಣಕ್ಕೆ ಹಾಕಿದ ಮ್ಯಾಲ ಮುಂಡರಗಿ ಕಡೆ ಎರಿ ಹೊಲದಾಗ ನಿಂತು ನೋಡ್ರಿ. ಅಡ್ಡ ಏನೂ ಇಲ್ಲ, ಕಣ್ಣು ಹೋದಷ್ಟು ದೂರ ಬಯಲು. ಏನೂ ಇಲ್ಲ ಅನಿಸ್ತೈತಿ. ಆದರೆ ಮುಂದಿನ ಬೆಳೆ ಬರೋದು ಅದರಿಂದಲೇ.

12ನೇ ಶತಮಾನದ ಶರಣರು ಸೃಷ್ಟಿಯ ಪ್ರಶ್ನೆಗೆ ಇದೇ ಪದ ಹಿಡಿದರು. ಭೂಮಿ, ಆಕಾಶ, ಗಾಳಿ, ಹಗಲು, ರಾತ್ರಿ, ದೇವರ ಹೆಸರು ಕೂಡ ಹುಟ್ಟುವ ಮೊದಲು ಏನಿತ್ತು? ಬಯಲು, ಶೂನ್ಯ, ನಿಃಶೂನ್ಯ ಅಂತಾರ. ಆ ಬಯಲಿನೊಳಗ ಒಂದು "ನೆನಹು" ಮೂಡಿತು, ಅದರಿಂದ ಎಲ್ಲಾ ಬಿಚ್ಚಿಕೊಂಡಿತು ಅಂತ ಕೆಲವು ವಚನಗಳು ಹೇಳ್ತಾವ. ಕೊನೆಗೆ ಎಲ್ಲಾ ಬಯಲಿಗೇ ಸೇರ್ತೈತಿ. ಶರಣರು ತೀರಿಕೊಂಡ್ರ "ಬಯಲಾದರು" ಅಂತ ಹೇಳೋದು ಇದಕ್ಕೇ.

ಗಮನಿಸ್ರಿ, ಇಲ್ಲಿ ಶೂನ್ಯ ಅಂದ್ರ ನಮ್ಮ ಬ್ಯಾಲೆನ್ಸ್ ಶೀಟಿನ ಸೊನ್ನೆ ಅಲ್ಲ. "ಖಾತೆಯಲ್ಲಿ ಏನೂ ಇಲ್ಲ" ಅಂತ ಅರ್ಥ ಅಲ್ಲ. ಆಕಾರ, ಹೆಸರು, ಗಡಿ ಯಾವುದೂ ಇಲ್ಲದ ತುಂಬಿದ ಸ್ಥಿತಿ ಅದು. ಹಂಗಾಗಿ ಈ ಉತ್ತರ ಪುರಾಣದ್ದೂ ಅಲ್ಲ, ಜಿನಸೇನರದ್ದೂ ಅಲ್ಲ. ಹೊರಗ ನಿಂತು ಗಡಿಗೆ ಮಾಡುವ ಕುಂಬಾರ ಇಲ್ಲಿ ಬೇಕಾಗಿಲ್ಲ. ಮಾಡುವವನು, ಸಾಮಾನು, ಮಾಡಿದ್ದು ಮೂರೂ ಬೇರೆ ಬೇರೆ ಅಲ್ಲ.

ಈ ವಿಚಾರದ ದೊಡ್ಡ ಗುರು ಅಲ್ಲಮಪ್ರಭು. ಅವನನ್ನ ಮಧ್ಯದಾಗ ಇಟ್ಟು ಶರಣರ ಮಾತುಕತೆಯ ರೂಪದಾಗ ಕಟ್ಟಿದ ಗ್ರಂಥ 'ಶೂನ್ಯಸಂಪಾದನೆ'. ಅದಕ್ಕೆ ನಾಲ್ಕು ಆವೃತ್ತಿ ಅದಾವ, ಕೊನೆಯದು ಗೂಳೂರು ಸಿದ್ಧವೀರಣ್ಣೊಡೆಯರದು. ಅವರು ಎಡೆಯೂರಿನ ತೋಂಟದ ಸಿದ್ಧಲಿಂಗ ಯತಿಗಳ ಪರಂಪರೆಯವರು. ಅದೇ ಪರಂಪರೆಯ ಮಠ ನಮ್ಮ ಗದಗದ ತೋಂಟದಾರ್ಯ ಮಠ. ವಚನ ಸಾಹಿತ್ಯದ ಎಷ್ಟೋ ಪುಸ್ತಕ ಅಚ್ಚಾಗಿ ಬಂದದ್ದು ಅಲ್ಲಿಂದಲೇ. ಜಾತ್ರಿಗೆ ಹೋದಾಗ ಬರೇ ಮಿರ್ಚಿ ತಿಂದು ಬರಬ್ಯಾಡ್ರಿ, ಪುಸ್ತಕದ ಕಡೆನೂ ಒಮ್ಮೆ ನೋಡ್ರಿ.

ಭಾಗ 7/8 | ಖಾಲಿ, ಮತ್ತು "ಆಗು" ಎಂಬ ಮಾತು

ಲಕ್ಷ್ಮೇಶ್ವರದ ಜಾಮಿಯಾ ಮಸೀದಿ ಆದಿಲಶಾಹಿ ಕಾಲದ್ದು, 1617. ಅಲ್ಲಿ ನಮಾಜು ಮಾಡುವವರ ನಂಬಿಕೆ ಏನು? ಅಲ್ಲಾಹ್ "ಆಗು" ಅಂದರೆ ಅದು ಆಗ್ತೈತಿ. ಸಾಮಾನು ಬೇಕಿಲ್ಲ, ಸಲಕರಣೆ ಬೇಕಿಲ್ಲ. ಬೆಟಗೇರಿಗೆ 1840ರ ದಶಕದಲ್ಲಿ ಬಂದ ಬಾಸೆಲ್ ಮಿಷನ್‌ನವರ ಬೈಬಲ್ಲಿನಲ್ಲೂ ದೇವರು ಮಾತಿನಿಂದಲೇ ಬೆಳಕು ಮಾಡಿ, ಆರು ದಿನ ಕೆಲಸ ಮಾಡಿ, ಏಳನೇ ದಿನ ವಿಶ್ರಾಂತಿ ತಗೊಂಡ. ಐರ್ಲೆಂಡಿನ ಆರ್ಚ್‌ಬಿಷಪ್ ಜೇಮ್ಸ್ ಅಷರ್ 1650ರಲ್ಲಿ ಬೈಬಲ್ಲಿನ ವಂಶಾವಳಿ ಲೆಕ್ಕ ಹಾಕಿ ಸೃಷ್ಟಿ ಆದದ್ದು ಕ್ರಿಸ್ತಪೂರ್ವ 4004 ಅಂತ ಪ್ರಕಟಿಸಿದ. ನಮ್ಮ ಕಲ್ಪದ ಮುಂದೆ ಎಷ್ಟು ಚಿಕ್ಕ ಲೆಕ್ಕ ನೋಡ್ರಿ!

ಜಿನಸೇನರ "ಮೊದಲು ದೇವರು ಎಲ್ಲಿದ್ದ?" ಅನ್ನೋ ಪ್ರಶ್ನೆಗೆ ಕ್ರೈಸ್ತರಲ್ಲಿ ಒಂದು ಒಳ್ಳೆ ಉತ್ತರ ಐತಿ. ಅವರಿಗಿಂತ 400 ವರ್ಷಕ್ಕೂ ಮೊದಲೇ ಸಂತ ಅಗಸ್ಟೀನ್ ಹೇಳಿದ್ದು: ಕಾಲವೂ ಜಗತ್ತಿನ ಜೊತೆಗೇ ಹುಟ್ಟಿತು, ಆದ್ದರಿಂದ "ಮೊದಲು" ಅನ್ನೋ ಪದಕ್ಕೇ ಅಲ್ಲಿ ಅರ್ಥ ಇಲ್ಲ. ಇಬ್ಬರಿಗೂ ಭೇಟಿ ಆಗಿದ್ರ ಎಂಥ ಚರ್ಚೆ ಆಗ್ತಿತ್ತು!

ಈಗ ಶಿರಹಟ್ಟಿಗೆ ಬರ್ರಿ. ಫಕೀರೇಶ್ವರ ಮಠ ಹಿಂದೂ-ಮುಸ್ಲಿಂ ಭಾವೈಕ್ಯತೆಗೆ ಹೆಸರಾದದ್ದು. ಮಠದ ಐತಿಹ್ಯದ ಪ್ರಕಾರ ಫಕೀರೇಶ್ವರರು ಹುಟ್ಟಿದ್ದು ವಿಜಯಪುರದ ಸೂಫಿ ಖ್ವಾಜಾ ಅಮೀನುದ್ದೀನರ ಆಶೀರ್ವಾದದಿಂದ. ಅಮೀನುದ್ದೀನ್ 17ನೇ ಶತಮಾನದವರು. ಅವರ ಪರಂಪರೆಯ ದಖನಿ ಬರಹಗಳಲ್ಲಿ ಒಂದು ವಿಶೇಷ ಐತಿ. ಇಸ್ಲಾಮೀ ತತ್ವಜ್ಞಾನಿಗಳು ಹೇಳ್ತಿದ್ದದ್ದು ನಾಲ್ಕು ಭೂತ: ಮಣ್ಣು, ನೀರು, ಬೆಂಕಿ, ಗಾಳಿ. ಇವರು ಐದನೆಯದನ್ನ ಸೇರಿಸಿದರು. ಅದರ ಹೆಸರು "ಖಾಲಿ". ಐದು ಭೂತ, ಇಪ್ಪತ್ತೈದು ಗುಣ ಅಂತ ಲೆಕ್ಕ ಹಾಕಿದರು.

ಖಾಲಿ! ನಾವು "ಬಸ್ ಖಾಲಿ ಐತೇನು?" ಅಂತ ದಿನಾ ಬಳಸೋ ಪದ. ಪಂಚಭೂತದ ಆಕಾಶ ಸೂಫಿಗಳ ಮಾತಿನ್ಯಾಗ ಖಾಲಿ ಆತು. ಶರಣರ ಬಯಲಿಗೂ ಅದಕ್ಕೂ ಎಷ್ಟು ಹತ್ತಿರ ಅಂತ ನೀವೇ ಯೋಚನೆ ಮಾಡ್ರಿ. ಎರಡೂ ಒಂದೇ ಅಂತ ನಾ ಹೇಳೋದಿಲ್ಲ. ಸೂಫಿಗೆ ಖಾಲಿಯ ಆಚೆ ಅಲ್ಲಾಹ್ ಇದ್ದಾನೆ, ಶರಣನಿಗೆ ಬಯಲಿನ ಆಚೆ ಏನೂ ಇಲ್ಲ. ಆದರೆ ಒಬ್ಬರ ಪದ ಇನ್ನೊಬ್ಬರು ಕೇಳಿಸಿಕೊಂಡಿದ್ದಾರೆ. ನಮ್ಮ ಇತಿಹಾಸದಾಗ ಆದಯ್ಯನ ಪಂಥ ಎಷ್ಟು ಐತೋ, ಈ ಕೇಳಿಸಿಕೊಳ್ಳೋದೂ ಅಷ್ಟೇ ಐತಿ.

ಭಾಗ 8/8 | ಕಪ್ಪತಗುಡ್ಡದ ಕಲ್ಲು ಮತ್ತು ಒಬ್ಬ ಪಾದ್ರಿ

ವಿಜ್ಞಾನ ಏನು ಹೇಳ್ತೈತಿ? ಬೆಲ್ಜಿಯಂನ ಜಾರ್ಜ್ ಲೆಮೈತ್ರ್ ಅನ್ನೋ ಗಣಿತಜ್ಞ 1927ರಲ್ಲಿ ವಿಶ್ವ ಹಿಗ್ಗುತ್ತಿದೆ ಅಂದ. 1931ರಲ್ಲಿ, ಹಾಗಾದರೆ ಒಂದು ಕಾಲಕ್ಕೆ ಎಲ್ಲವೂ ಒಂದೇ ಆದಿಕಣದಲ್ಲಿ ಇದ್ದಿರಬೇಕು ಅಂದ. ಇವನು ಕ್ಯಾಥೊಲಿಕ್ ಪಾದ್ರಿ! ದೇವರನ್ನ ನಂಬದ ಫ್ರೆಡ್ ಹಾಯ್ಲ್‌ಗೆ ಇದು ಸೃಷ್ಟಿಯ ಕಥೆಯ ವಾಸನೆ ಹೊಡೀತು. 1948ರಲ್ಲಿ ಅವನು ಮತ್ತು ಅವನ ಜೊತೆಯವರು ವಿಶ್ವಕ್ಕೆ ಆರಂಭವೇ ಇಲ್ಲ ಅನ್ನೋ ಸಿದ್ಧಾಂತ ಮುಂದಿಟ್ಟರು. ಹಾಯ್ಲ್‌ನ ಶಿಷ್ಯರಾಗಿ ಅದೇ ದಾರಿಯಲ್ಲಿ ದುಡಿದವರು ಕೊಲ್ಹಾಪುರದಲ್ಲಿ ಹುಟ್ಟಿದ ಜಯಂತ ನಾರ್ಳೀಕರ್. ಲೆಮೈತ್ರ್‌ನ ಸಿದ್ಧಾಂತಕ್ಕೆ "ಬಿಗ್ ಬ್ಯಾಂಗ್" ಅಂತ ಹೆಸರಿಟ್ಟವನೂ ಹಾಯ್ಲ್‌ನೇ, 1949ರ ಬಿಬಿಸಿ ರೇಡಿಯೋ ಭಾಷಣದಾಗ.

1951ರಲ್ಲಿ ಪೋಪ್ ಹನ್ನೆರಡನೇ ಪಯಸ್, ವಿಜ್ಞಾನವೇ ಸೃಷ್ಟಿಗೆ ಸಾಕ್ಷಿ ಹೇಳ್ತಿದೆ ಅನ್ನುವಂತೆ ಮಾತಾಡಿದರು. ಲೆಮೈತ್ರ್‌ಗೆ ಇದು ಹಿಡಿಸಲಿಲ್ಲ. ಧರ್ಮ ಬೇರೆ, ಭೌತಶಾಸ್ತ್ರ ಬೇರೆ ಅಂತ ಅವನ ನಿಲುವು. ಪಾದ್ರಿಯೇ ಹಂಗ ಅಂದ ಮ್ಯಾಲ, ನಮ್ಮ ಫಾರ್ವರ್ಡ್ ಮಾಡುವ ಕಾಕಾಗಳು ಇದನ್ನ ಸ್ವಲ್ಪ ಓದಬೇಕು. 1965ರಲ್ಲಿ ಪೆಂಜಿಯಾಸ್ ಮತ್ತು ವಿಲ್ಸನ್ ಆಕಾಶದ ಎಲ್ಲಾ ದಿಕ್ಕಿನಿಂದ ಬರುವ ಹಳೆಯ ವಿಕಿರಣವನ್ನ ಪ್ರಕಟಿಸಿದರು. ಅಲ್ಲಿಗೆ ಬಿಗ್ ಬ್ಯಾಂಗ್ ಪಕ್ಷಕ್ಕೆ ಬಲ ಬಂತು. ಈಗಿನ ಅಳತೆ ಸುಮಾರು 1,380 ಕೋಟಿ ವರ್ಷ. ಅದಕ್ಕೂ ಮೊದಲು ಏನಿತ್ತು ಅನ್ನೋದರ ಬಗ್ಗೆ ವಿಜ್ಞಾನಿಗಳೊಳಗ ಇನ್ನೂ ವಾದ ನಡದೈತಿ.

ಕೊನೇ ಫೋಟೋ ಮುಂಡರಗಿ-ಶಿರಹಟ್ಟಿ ನಡುವಿನ ಕಪ್ಪತಗುಡ್ಡದ್ದು. ಅಲ್ಲಿನ ಕಲ್ಲು 250 ಕೋಟಿ ವರ್ಷಕ್ಕಿಂತ ಹಳೆಯವು. ತ್ರಿಕೂಟೇಶ್ವರ, ಲಕ್ಕುಂಡಿ, ಸೋಮೇಶ್ವರ, ಮಸೀದಿ, ಮಠ ಎಲ್ಲಾ ಸೇರಿಸಿದರೂ ಸಾವಿರ ಚಿಲ್ಲರೆ ವರ್ಷ. ಆ ಕಲ್ಲಿನ ಮುಂದೆ ನಮ್ಮೆಲ್ಲರ ಉತ್ತರಗಳೂ ನಿನ್ನೆ ಮೊನ್ನೆಯವು.

ನಿಮಗ ಯಾವ ಉತ್ತರ ಹತ್ತಿರ ಅನಿಸಿತೋ ಅದನ್ನ ಇಟ್ಕೊಳ್ರಿ, ಅದು ನಿಮ್ಮ ಹಕ್ಕು. ನನಗೆ ಜಿನಸೇನರ ಪ್ರಶ್ನೆಗಳು ಬಹಳ ಇಷ್ಟ, ಶರಣರ ಬಯಲು ಅದಕ್ಕಿಂತ ಒಂಚೂರು ಜಾಸ್ತಿ ಇಷ್ಟ. ನೀವು ಒಪ್ಪದಿದ್ದರೆ ಕಾಮೆಂಟಿನ್ಯಾಗ ವಾದ ಮಾಡ್ರಿ, ಬೈಗುಳ ಬ್ಯಾಡ. ಮನ್ಯಾಗ ತಮ್ಮನೋ ತಂಗಿನೋ "ಇದೆಲ್ಲಾ ಯಾರು ಮಾಡಿದ್ರು?" ಅಂತ ಕೇಳಿದ್ರ ಸುಮ್ನ ಕುಂದ್ರು ಅನಬ್ಯಾಡ್ರಿ. ರವಿವಾರ ಲಕ್ಕುಂಡಿಗೆ ಕರ್ಕೊಂಡು ಹೋಗ್ರಿ.

#ನಮ್ಮಗದಗ #ಪುಲಿಗೆರೆ #ಲಕ್ಕುಂಡಿ #ಶಿರಹಟ್ಟಿ #ಕಪ್ಪತಗುಡ್ಡ #ಇತಿಹಾಸಸರಣಿ